600 ಅಂದರೆ ಹತ್ತು ನಿಮಿಷವೋ, ಹತ್ತು ಗಂಟೆಯೋ? ಸರ್ವರ್ ಕಾಯುವ ಸಾಫ್ಟ್‌ವೇರ್‌ಗೆ ಸಮಯ ಹೇಳುವ ಬಗೆ

ಬ್ಯಾಂಕಿನ ಆ್ಯಪ್, ಬಸ್ ಟಿಕೆಟ್ ಬುಕಿಂಗ್, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇವೆಲ್ಲದರ ಹಿಂದೆ ಸರ್ವರ್‌ಗಳಿವೆ. ಆ ಸರ್ವರ್‌ಗಳನ್ನು ಹಗಲು ರಾತ್ರಿ ಕಾಯುವ ಕೆಲಸ ಮಾನಿಟರಿಂಗ್ ಸಾಫ್ಟ್‌ವೇರ್‌ಗಳದ್ದು. ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಯಾವಾಗ ಮನುಷ್ಯರನ್ನು ಎಬ್ಬಿಸಬೇಕು ಎಂಬುದನ್ನೆಲ್ಲ ನಾವೇ ಅವಕ್ಕೆ ಹೇಳಿಕೊಡಬೇಕು. ಹಾಗೆ ಹೇಳುವಾಗ ಬರೆಯುವ ಒಂದೇ ಒಂದು ಅಂಕಿ ತಪ್ಪಾದರೆ ಏನಾಗುತ್ತದೆ? ಹದಿನೈದು ವರ್ಷಗಳಿಂದ ಬೆಂಗಳೂರಿನಲ್ಲಿ ಸರ್ವರ್ ಉಸ್ತುವಾರಿ ನೋಡಿಕೊಳ್ಳುತ್ತಿರುವ ಎಂಜಿನಿಯರ್ ಒಬ್ಬರು ಈ ಸಂಚಿಕೆಯಲ್ಲಿ ಅದನ್ನು ವಿವರಿಸಿದ್ದಾರೆ. ಅವರ ಕೋರಿಕೆಯ ಮೇರೆಗೆ ಹೆಸರು ಪ್ರಕಟಿಸಿಲ್ಲ. ಮಾತುಕತೆಯ ಪಠ್ಯರೂಪ ಇಲ್ಲಿದೆ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ಸಂಕ್ಷಿಪ್ತಗೊಳಿಸಲಾಗಿದೆ.

ನಿರೂಪಕಿ: ಮೊದಲು ತೀರಾ ಸರಳವಾಗಿ ಶುರು ಮಾಡೋಣ. ಈ ಮಾನಿಟರಿಂಗ್ ಸಾಫ್ಟ್‌ವೇರ್ ಅನ್ನೋದು ದಿನವಿಡೀ ಮಾಡೋದಾದ್ರೂ ಏನು?

ಅತಿಥಿ: ರಾತ್ರಿ ಬೀದಿಯಲ್ಲಿ ಸೀಟಿ ಊದ್ಕೊಂಡು ಹೋಗೋ ಗೂರ್ಖಾನನ್ನ ನೋಡಿರ್ತೀರಲ್ಲ, ಅದೇ ಕೆಲಸ. ಒಂದೊಂದೇ ಮನೆ ಮುಂದೆ ನಿಂತು, ಬಾಗಿಲು ಹಾಕಿದೆಯಾ, ದೀಪ ಉರೀತಿದೆಯಾ ಅಂತ ನೋಡ್ತಾನೆ. ಏನಾದ್ರೂ ಎಡವಟ್ಟಾಗಿದ್ರೆ ಮನೆಯವರನ್ನ ಎಬ್ಬಿಸ್ತಾನೆ. ಮಾನಿಟರಿಂಗ್ ಸಾಫ್ಟ್‌ವೇರ್ ಕೂಡ ಒಂದೊಂದು ಸರ್ವರ್ ಹತ್ರ ಹೋಗಿ, ‘ಬದುಕಿದ್ದೀಯಾ? ಡಿಸ್ಕ್‌ನಲ್ಲಿ ಜಾಗ ಇದೆಯಾ? ಉತ್ತರ ಕೊಡೋಕೆ ಎಷ್ಟು ಹೊತ್ತು ತಗೋತಿದ್ದೀಯಾ?’ ಅಂತ ಕೇಳುತ್ತೆ. ಬಂದ ಉತ್ತರವನ್ನ ಬರೆದಿಡುತ್ತೆ. ಸರಿ ಇಲ್ಲ ಅಂದ್ರೆ ನಮ್ಮ ಮೊಬೈಲ್‌ಗೆ ಮೆಸೇಜ್ ಅಥವಾ ಕರೆ ಬರುತ್ತೆ.

ನಿರೂಪಕಿ: ಇದರಲ್ಲಿ ಸಮಯದ ಪಾತ್ರ ಎಲ್ಲಿ ಬರುತ್ತೆ?

ಅತಿಥಿ: ಎಲ್ಲಾ ಕಡೆ ಬರುತ್ತೆ. ಎಷ್ಟು ಹೊತ್ತಿಗೊಮ್ಮೆ ಸುತ್ತು ಹಾಕಬೇಕು, ಅದು ಮೊದಲನೇದು. ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಅದನ್ನ ಟೈಮ್‌ಔಟ್ ಅಂತೀವಿ. ಉತ್ತರ ಬರಲಿಲ್ಲ ಅಂದ್ರೆ ಎಷ್ಟು ಹೊತ್ತು ಬಿಟ್ಟು ಮತ್ತೆ ಕೇಳಬೇಕು. ಒಂದು ಸಲ ಎಬ್ಬಿಸಿದ ಮೇಲೂ ಯಾರೂ ಎದ್ದಿಲ್ಲ ಅಂದ್ರೆ ಎಷ್ಟು ಹೊತ್ತಾದ ಮೇಲೆ ಮತ್ತೆ ಎಬ್ಬಿಸಬೇಕು. ಬರೆದಿಟ್ಟ ಲೆಕ್ಕವನ್ನ ಎಷ್ಟು ದಿನ ಇಟ್ಕೋಬೇಕು. ಒಂದು ಸರ್ವರ್ ಅಂದ್ರೆ ಇಂಥ ಐದಾರು ಸೆಟ್ಟಿಂಗ್ ಇರುತ್ತೆ. ಅದನ್ನ ನೂರಾರು ಸರ್ವರ್‌ಗೆ ಗುಣಿಸ್ಕೊಳ್ಳಿ.

ಈಗ ಸಮಸ್ಯೆ ಏನು ಗೊತ್ತಾ? ಹಳೇ ಸಾಫ್ಟ್‌ವೇರ್‌ಗಳಲ್ಲಿ ಇವೆಲ್ಲ ಬರೀ ಅಂಕಿಗಳು. 300, 60, 3, 10 ಅಂತ ಸಾಲಾಗಿ ಬರೆದಿರುತ್ತೆ. ಯಾವುದು ಸೆಕೆಂಡು, ಯಾವುದು ನಿಮಿಷ, ಯಾವುದು ದಿನ? ಆ 3 ಅನ್ನೋದು ಸಮಯವೇ ಅಲ್ಲ, ಮೂರು ಸಲ ಪ್ರಯತ್ನಿಸು ಅಂತ. ನೋಡಿದ ತಕ್ಷಣ ಹೇಳೋಕಾಗಲ್ಲ. ಡಾಕ್ಟರು ಚೀಟಿಯಲ್ಲಿ ಮಾತ್ರೆಗೆ 1-0-1 ಅಂತ ಬರೆದ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ನಮಗೆಲ್ಲ ಗೊತ್ತು. ಆದ್ರೆ ಮಗುವಿನ ಸಿರಪ್‌ಗೆ ಬರೀ ‘5’ ಅಂತ ಬರೆದುಕೊಟ್ರೆ? 5 ಎಂಎಲ್ಲಾ, 5 ಚಮಚಾನಾ? ಯಾರೂ ಸುಮ್ನೆ ಕುಡಿಸಲ್ಲ, ಮೆಡಿಕಲ್ ಸ್ಟೋರ್‌ನವರನ್ನ ಕೇಳ್ತಾರೆ. ಕಂಪ್ಯೂಟರ್ ಕೇಳಲ್ಲ, ಕುಡಿಸಿಬಿಡುತ್ತೆ.

‘ಪರದೆ ಪೂರ್ತಿ ಹಸಿರಾಗಿತ್ತು’

ನಿರೂಪಕಿ: ಈ ವಿಷಯ ನಿಮಗೆ ಇಷ್ಟು ಹತ್ತಿರವಾಗೋಕೆ ಒಂದು ಕಾರಣ ಇದೆ ಅಂತ ಫೋನಲ್ಲಿ ಹೇಳಿದ್ರಿ.

ಅತಿಥಿ: ಹೌದು, ನಾನೇ ಮಾಡಿದ ತಪ್ಪು. ಕೆಲಸಕ್ಕೆ ಸೇರಿ ಎರಡನೇ ವರ್ಷ. ನಮ್ಮಲ್ಲಿ ಡಿಸ್ಕ್ ನೋಡೋಕೆ ಅಂತ ಒಂದು ಸ್ಕ್ರಿಪ್ಟ್ ಇತ್ತು. ಅದನ್ನ ಬರೆದೋರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ರು. ಸೆಟ್ಟಿಂಗ್ ಫೈಲ್‌ನಲ್ಲಿ ‘ಇಂಟರ್ವಲ್’ ಅಂತ ಒಂದು ಸಾಲು, ಅದರ ಮುಂದೆ 5 ಅಂತ ಇತ್ತು. ನಾನು ಅದುವರೆಗೆ ನೋಡಿದ ಸ್ಕ್ರಿಪ್ಟ್‌ಗಳೆಲ್ಲ ಸೆಕೆಂಡಿನವು. ‘ಅಯ್ಯೋ, ಐದು ಸೆಕೆಂಡಿಗೊಮ್ಮೆ ಡಿಸ್ಕ್ ನೋಡ್ತಿದೆಯಲ್ಲಪ್ಪ, ಸುಮ್ನೆ ಸರ್ವರ್‌ಗೆ ಹೊರೆ, ಹತ್ತು ನಿಮಿಷಕ್ಕೊಮ್ಮೆ ನೋಡಿದ್ರೆ ಸಾಕು’ ಅಂದ್ಕೊಂಡು 600 ಅಂತ ಮಾಡ್ದೆ. ಒಳ್ಳೇ ಕೆಲಸ ಮಾಡ್ದೆ ಅನ್ನೋ ಭಾವನೆ ಬೇರೆ.

ನಿರೂಪಕಿ: ಆದ್ರೆ ಅದು ನಿಮಿಷದ ಲೆಕ್ಕ ಆಗಿತ್ತು.

ಅತಿಥಿ: ಅದೇ. 600 ನಿಮಿಷ ಅಂದ್ರೆ ಹತ್ತು ಗಂಟೆ. ಸಂಜೆ ಏಳಕ್ಕೆ ಬದಲಾಯಿಸಿದ ಕೂಡಲೇ ಒಂದು ಸಲ ಓಡಿ, ‘ಎಲ್ಲ ಸರಿ ಇದೆ’ ಅಂತ ತೋರಿಸ್ತು. ನಾನು ಮನೆಗೆ ಹೋದೆ. ಮುಂದಿನ ಸುತ್ತು ಬೆಳಗಿನ ಜಾವ ಐದಕ್ಕೆ. ರಾತ್ರಿ ಒಂದರ ಸುಮಾರಿಗೆ ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್ ತುಂಬಿಹೋಯ್ತು. ಗಿರಾಕಿಯೊಬ್ಬರ ಆರ್ಡರ್ ತಗೊಳ್ಳೋ ವ್ಯವಸ್ಥೆ ಅಲ್ಲೇ ನಿಂತುಹೋಯ್ತು. ಮೂರೂಮುಕ್ಕಾಲಿಗೆ ಅವರೇ ಫೋನ್ ಮಾಡಿ, ‘ಏನ್ರೀ, ನಿಮ್ಮ ಸರ್ವರ್ ಸತ್ತಿದೆ’ ಅಂತ ಹೇಳಬೇಕಾಯ್ತು. ಎದ್ದು ನಮ್ಮ ಮಾನಿಟರಿಂಗ್ ಪರದೆ ನೋಡಿದ್ರೆ ಪೂರ್ತಿ ಹಸಿರು. ಸಂಜೆ ಏಳರ ಹಸಿರು!

ಬೇರೆ ಸಾಫ್ಟ್‌ವೇರ್ ಕೆಟ್ಟರೆ ಯಾರಾದ್ರೂ ಬೈತಾರೆ, ಗೊತ್ತಾಗುತ್ತೆ. ಕಾಯೋ ಸಾಫ್ಟ್‌ವೇರ್ ಕೆಟ್ಟರೆ ಸದ್ದೇ ಬರಲ್ಲ. ಸದ್ದು ಬರದೇ ಇರೋದನ್ನ ನಾವು ‘ಎಲ್ಲ ಚೆನ್ನಾಗಿದೆ’ ಅಂತ ಓದ್ಕೋತೀವಿ. ಸಮಯದ ಸೆಟ್ಟಿಂಗ್ ತಪ್ಪಾದ್ರೆ ಅಪಾಯ ಇರೋದು ಇಲ್ಲೇ.

ನಿರೂಪಕಿ: ಆಫೀಸಿನಲ್ಲಿ ಏನಂದ್ರು?

ಅತಿಥಿ: ಮೀಟಿಂಗ್‌ನಲ್ಲಿ ನಾನು ‘ನನ್ನ ಅಜಾಗರೂಕತೆ’ ಅಂತ ಒಪ್ಕೊಂಡೆ. ನಮ್ಮ ಹಿರಿಯರೊಬ್ಬರು, ‘ನೀನು ಕೋಡ್ ಓದಬೇಕಿತ್ತು, ಸರಿ. ಆದ್ರೆ ನಾಳೆ ನಿನ್ನ ಜಾಗಕ್ಕೆ ಬರೋ ಹುಡುಗನೂ ಇದೇ ತಪ್ಪು ಮಾಡ್ತಾನೆ. ಆ ಸಾಲನ್ನ ಸರಿ ಮಾಡು’ ಅಂದ್ರು. ಆ ಮಾತು ಇವತ್ತಿಗೂ ನೆನಪಿದೆ.

ಬರೀ ಅಂಕಿ ಬಂದದ್ದು ಎಲ್ಲಿಂದ?

ನಿರೂಪಕಿ: ಯೂನಿಟ್ ಇಲ್ಲದೆ ಬರೀ ಅಂಕಿ ಬರೆಯೋ ಪದ್ಧತಿ ಯಾಕೆ ಬಂತು? ಇಷ್ಟು ಸಣ್ಣ ವಿಷಯ ಮೊದಲೇ ಹೊಳೀಲಿಲ್ವಾ?

ಅತಿಥಿ: ಕಂಪ್ಯೂಟರ್‌ಗೆ ಅದೇ ಸಲೀಸು. ಯುನಿಕ್ಸ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದಿದೆ ಅಂತ ಎಣಿಸ್ಕೊಂಡು ಹೋಗ್ತವೆ. ಒಳಗಡೆ ಎಲ್ಲವೂ ಒಂದೇ ಯೂನಿಟ್‌ನಲ್ಲಿದ್ರೆ ಕೂಡೋದು ಕಳೆಯೋದು ಸುಲಭ. ಆದ್ರೆ ಆ ಒಂದೇ ಯೂನಿಟ್ ಕೂಡ ಎಲ್ಲ ಕಡೆ ಒಂದೇ ಇಲ್ಲ. ಪೈಥಾನ್‌ನಲ್ಲಿ ‘ಇಷ್ಟು ಹೊತ್ತು ಮಲಗು’ ಅಂದ್ರೆ ಸೆಕೆಂಡಿನ ಲೆಕ್ಕ. ಜಾವಾದಲ್ಲಿ ಅದೇ ಮಾತಿಗೆ ಮಿಲಿಸೆಕೆಂಡ್. ಗೋ ಭಾಷೆಯಲ್ಲಿ ಕಾಲಾವಧಿಯನ್ನ ಒಳಗಡೆ ನ್ಯಾನೊಸೆಕೆಂಡ್‌ನಲ್ಲಿ ಇಡ್ತಾರೆ. 5 ಅನ್ನೋ ಅಂಕಿಯನ್ನ ಮೂರೂ ಕಡೆ ಬರೆದ್ರೆ, ಒಂದು ಕಡೆ ಐದು ಸೆಕೆಂಡು, ಇನ್ನೊಂದು ಕಡೆ ಕಣ್ಣು ಮಿಟುಕಿಸೋಕಿಂತ ಕಡಿಮೆ, ಮತ್ತೊಂದು ಕಡೆ ಇದ್ದೂ ಇಲ್ಲದ ಹಾಗೆ.

ಪ್ರೋಗ್ರಾಮರ್ ತನ್ನ ಅನುಕೂಲಕ್ಕೆ ಒಳಗೆ ಇಟ್ಕೊಂಡಿದ್ದ ಯೂನಿಟ್ ಹಾಗೇ ಸೆಟ್ಟಿಂಗ್ ಪುಟಕ್ಕೆ ಬಂದುಬಿಡ್ತು. ಅಡುಗೆಮನೆ ಲೆಕ್ಕವನ್ನ ಊಟಕ್ಕೆ ಕೂತವರ ಎಲೆ ಮೇಲೆ ಬಡಿಸಿದ ಹಾಗೆ.

ನಿರೂಪಕಿ: ನಿಜವಾದ ಸಾಫ್ಟ್‌ವೇರ್‌ನ ಒಂದು ಉದಾಹರಣೆ ಕೊಡಿ.

ಅತಿಥಿ: ನ್ಯಾಗಿಯೋಸ್ ತಗೊಳ್ಳಿ. 1999ರಲ್ಲಿ ನೆಟ್‌ಸೇಂಟ್ ಅನ್ನೋ ಹೆಸರಲ್ಲಿ ಬಂತು, ಎಥನ್ ಗಾಲ್‌ಸ್ಟಡ್ ಬರೆದದ್ದು. ಈ ಕ್ಷೇತ್ರಕ್ಕೆ ದಾರಿ ಹಾಕಿಕೊಟ್ಟ ಸಾಫ್ಟ್‌ವೇರ್, ಅದರ ಬಗ್ಗೆ ಗೌರವ ಇದೆ. ಅದರಲ್ಲಿ ‘ಚೆಕ್ ಇಂಟರ್ವಲ್’ 5 ಅಂತ ಬರೀತೀವಿ. 5 ಏನು? ಐದು ‘ಸಮಯದ ಯೂನಿಟ್’. ಒಂದು ಯೂನಿಟ್ ಅಂದ್ರೆ ಎಷ್ಟು? ಅದು ಬೇರೆ ಫೈಲ್‌ನಲ್ಲಿರುತ್ತೆ, ‘ಇಂಟರ್ವಲ್ ಲೆಂತ್’ ಅನ್ನೋ ಸೆಟ್ಟಿಂಗ್. ಅಲ್ಲಿ ಸಾಮಾನ್ಯವಾಗಿ 60 ಇರುತ್ತೆ, ಅಂದ್ರೆ 60 ಸೆಕೆಂಡು. ಹಾಗಾಗಿ 5 ಅಂದ್ರೆ ಐದು ನಿಮಿಷ. ಆ 60ನ್ನ ಯಾರಾದ್ರೂ 1 ಮಾಡಿದ್ರೆ, ಎಲ್ಲ ಸರ್ವರ್‌ಗಳ 5 ಕೂಡ ಐದು ಸೆಕೆಂಡಾಗುತ್ತೆ. ಒಂದು ಸಾಲಿನ ಅರ್ಥ ತಿಳಿಯೋಕೆ ಎರಡು ಫೈಲ್ ತೆರೀಬೇಕು.

ಇನ್ನೂ ಒಂದು ತಮಾಷೆ ಇದೆ. 2009ರಲ್ಲಿ ನ್ಯಾಗಿಯೋಸ್‌ನಿಂದ ಕವಲೊಡೆದು ಐಸಿಂಗಾ ಬಂತು. 2014ರಲ್ಲಿ ಬಂದ ಐಸಿಂಗಾ 2ರಲ್ಲೂ ‘ಚೆಕ್ ಇಂಟರ್ವಲ್’ ಅನ್ನೋ ಹೆಸರೇ ಉಳೀತು. ಆದ್ರೆ ಅದರಲ್ಲಿ ಬರೀ ಅಂಕಿ ಬರೆದ್ರೆ ಸೆಕೆಂಡು. ಅಂದ್ರೆ ಅದೇ ಹೆಸರು, ಅದೇ 5, ಹಳೇ ಮನೆಯಲ್ಲಿ ಐದು ನಿಮಿಷ, ಹೊಸ ಮನೆಯಲ್ಲಿ ಐದು ಸೆಕೆಂಡು. ಅದೃಷ್ಟಕ್ಕೆ ಐಸಿಂಗಾ 2 ಯೂನಿಟ್ ಸಮೇತ ಬರೆಯೋಕೂ ಅವಕಾಶ ಕೊಟ್ಟಿದೆ. ಹಾಗೆ ಬರೆದವರಿಗೆ ಈ ಗೊಂದಲವೇ ಇಲ್ಲ.

ಒಂದು ಸೊನ್ನೆಯ ಬೆಲೆ

ನಿರೂಪಕಿ: ಸರಿ, ಎಲ್ಲ ಕಡೆ ಸೆಕೆಂಡು ಅಂತ ಒಂದೇ ನಿಯಮ ಮಾಡಿಬಿಟ್ರೆ ಆಗಲ್ವಾ? ಪಕ್ಕದಲ್ಲಿ ‘ಸೆಕೆಂಡುಗಳಲ್ಲಿ’ ಅಂತ ಬರೆದ್ರೆ ಮುಗೀತು.

ಅತಿಥಿ: ಅರ್ಧ ಸಮಸ್ಯೆ ಮುಗಿಯುತ್ತೆ. ಇನ್ನರ್ಧ ನೋಡಿ. ನಿಮಗೊಂದು ಪರೀಕ್ಷೆ. 604800 ಸೆಕೆಂಡು ಅಂದ್ರೆ ಎಷ್ಟು?

ನಿರೂಪಕಿ: ಅಯ್ಯೋ, ಕ್ಯಾಲ್ಕ್ಯುಲೇಟರ್ ಬೇಕು!

ಅತಿಥಿ: ಒಂದು ವಾರ. 86400 ಅಂದ್ರೆ ಒಂದು ದಿನ ಅಂತ ನಮ್ಮ ಕೆಲಸದಲ್ಲಿರೋರಿಗೆಲ್ಲ ಬಾಯಿಪಾಠ ಆಗಿರುತ್ತೆ. ಅದು ಹೆಮ್ಮೆಪಡೋ ವಿಷಯವೇನಲ್ಲ, ಸಾಫ್ಟ್‌ವೇರ್ ಮಾಡಬೇಕಾದ ಲೆಕ್ಕ ನಾವು ಮಾಡ್ತಿದ್ದೀವಿ ಅಂತ ಅರ್ಥ. ಈಗ ಎರಡು ಅಂಕಿ ಹೇಳ್ತೀನಿ: 259200 ಮತ್ತು 2592000. ಮೊದಲನೇದು ಮೂರು ದಿನ. ಎರಡನೇದು ಮೂವತ್ತು ದಿನ. ನಡುವೆ ಇರೋದು ಒಂದು ಸೊನ್ನೆ. ‘ಹಳೇ ದಾಖಲೆ ಇಷ್ಟು ಸಮಯ ಇಟ್ಕೊ’ ಅನ್ನೋ ಖಾನೆಯಲ್ಲಿ ಒಂದು ಸೊನ್ನೆ ಬಿಟ್ಟುಹೋದ್ರೆ, 27 ದಿನದ ದಾಖಲೆ ಸದ್ದಿಲ್ಲದೆ ಅಳಿಸಿಹೋಗುತ್ತೆ. ‘30 ದಿನ’ ಅಂತ ಬರೆಯೋ ಹಾಗಿದ್ರೆ ‘3 ದಿನ’ ಅಂತ ಬರೆದದ್ದು ಪಕ್ಕದಲ್ಲಿ ಕೂತವರ ಕಣ್ಣಿಗೂ ಬೀಳುತ್ತೆ. ಯಾರಾದ್ರೂ, ‘ಏನ್ ಸರ್, ಮೂರೇ ದಿನಾನಾ?’ ಅಂತ ಕೇಳ್ತಾರೆ. 259200 ನೋಡಿ ಯಾರೂ ಏನೂ ಕೇಳಲ್ಲ.

ನಿರೂಪಕಿ: ಅಂದ್ರೆ ಯೂನಿಟ್ ಬರೆಯೋದು ಬರೆಯೋರಿಗಿಂತ ಓದೋರಿಗೆ.

ಅತಿಥಿ: ಹೌದು. ಸೆಟ್ಟಿಂಗ್ ಒಂದು ಸಲ ಬರೀತೀವಿ, ನೂರು ಸಲ ಓದ್ತೀವಿ. ಅದರಲ್ಲೂ ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ಓದ್ತೀವಿ. ಆ ಹೊತ್ತಲ್ಲಿ 60ರಿಂದ ಭಾಗಿಸು, ಮತ್ತೆ 24ರಿಂದ ಭಾಗಿಸು ಅಂದ್ರೆ ಆಗಲ್ಲ.

ಅಂಕಿಯ ಪಕ್ಕ ಒಂದು ಅಕ್ಷರ

ನಿರೂಪಕಿ: ಈಗಿನ ಸಾಫ್ಟ್‌ವೇರ್‌ಗಳು ಇದನ್ನ ಹೇಗೆ ಬಗೆಹರಿಸಿವೆ?

ಅತಿಥಿ: ಅಂಕಿಯ ಪಕ್ಕ ಒಂದು ಇಂಗ್ಲಿಷ್ ಅಕ್ಷರ. ಸೆಕೆಂಡಿಗೆ ಎಸ್, ಮಿನಿಟ್‌ಗೆ ಎಂ, ಅವರ್‌ಗೆ ಎಚ್, ಡೇಗೆ ಡಿ, ವೀಕ್‌ಗೆ ಡಬ್ಲ್ಯು. 300 ಅಂತ ಬರೆಯೋ ಬದಲು 5 ಎಂ, 604800 ಬದಲು 1 ಡಬ್ಲ್ಯು. ಅಷ್ಟೇ.

ಝ್ಯಾಬಿಕ್ಸ್ ಅಂತ ಲಾಟ್ವಿಯಾ ದೇಶದಲ್ಲಿ ಹುಟ್ಟಿದ ಸಾಫ್ಟ್‌ವೇರ್ ಇದೆ, ನಮ್ಮಲ್ಲೂ ಬಹಳ ಕಡೆ ಬಳಸ್ತಾರೆ. ಮೊದಲು ಅದರಲ್ಲಿ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನೋದನ್ನ ಸೆಕೆಂಡಿನಲ್ಲಿ ಬರೀಬೇಕಿತ್ತು. ಅದೇ ಪುಟದಲ್ಲಿ ಕೆಳಗಡೆ ದಾಖಲೆ ಎಷ್ಟು ಕಾಲ ಇರಬೇಕು ಅನ್ನೋದನ್ನ ದಿನದಲ್ಲಿ. ಒಂದೇ ಪುಟ, ಎರಡು ಯೂನಿಟ್. 2017ರಲ್ಲಿ ಬಂದ 3.4ನೇ ಆವೃತ್ತಿಯಿಂದ ಇಂಥ ಖಾನೆಗಳಲ್ಲಿ ಅಕ್ಷರ ಸೇರಿಸಿ ಬರೆಯೋ ಅವಕಾಶ ಬಂತು. 30 ಎಸ್, 1 ಎಚ್, 90 ಡಿ ಹೀಗೆ. ಜೊತೆಗೆ, ಆ ಜಾಗದಲ್ಲಿ ಮ್ಯಾಕ್ರೊ ಕೂಡ ಬರೆಯಬಹುದು. ಅಂದ್ರೆ ಸಮಯಕ್ಕೆ ಒಂದು ಹೆಸರಿಟ್ಟು, ಒಂದೇ ಕಡೆ ಬದಲಾಯಿಸಿದ್ರೆ ಎಲ್ಲ ಕಡೆ ಬದಲಾಗುತ್ತೆ.

ನಿರೂಪಕಿ: ಹಾಗಾದ್ರೆ ಹಳೇ ಅಂಕಿಗಳ ಗತಿ?

ಅತಿಥಿ: ಒಳ್ಳೇ ಪ್ರಶ್ನೆ. ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನೋ ಖಾನೆಯಲ್ಲಿ ಬರೀ ಅಂಕಿ ಬರೆದ್ರೆ ಈಗಲೂ ಸೆಕೆಂಡು ಅಂತಲೇ ತಗೊಳ್ಳುತ್ತೆ. ಅದು ಸರಿಯಾದ ದಾರಿ. ಹೊಸ ಸೌಲಭ್ಯ ಕೊಡೋ ನೆಪದಲ್ಲಿ ಹಳೇ ಅಂಕಿಯ ಅರ್ಥ ಬದಲಾಯಿಸಿದ್ರೆ, ಅಪ್‌ಗ್ರೇಡ್ ಮಾಡಿದ ದಿನವೇ ಸಾವಿರಾರು ಸೆಟ್ಟಿಂಗ್ ಕೆಡುತ್ತೆ.

ಪ್ರೊಮಿಥಿಯಸ್ ಇನ್ನೂ ಕಟ್ಟುನಿಟ್ಟು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಶುರುವಾದ ಯೋಜನೆ ಅದು. ಹೊಸದಾಗಿ ಕಟ್ಟಿದ್ದರಿಂದ ಹಳೇ ಹೊರೆ ಇರಲಿಲ್ಲ. ಅದರ ಸೆಟ್ಟಿಂಗ್ ಫೈಲ್‌ನಲ್ಲಿ 15 ಎಸ್ ಅಂತ ಬರೆದ್ರೆ ಸರಿ. ಬರೀ 15 ಅಂತ ಬರೆದ್ರೆ ಒಪ್ಪಲ್ಲ, ದೋಷ ತೋರಿಸಿ ನಿಲ್ಲುತ್ತೆ. ನನಗೆ ಇದು ಬಹಳ ಇಷ್ಟ. ಊಹೆ ಮಾಡಲ್ಲ, ಕೇಳುತ್ತೆ. ಮೆಡಿಕಲ್ ಸ್ಟೋರ್‌ನವರು ‘5 ಏನು ಸರ್?’ ಅಂತ ಕೇಳಿದ ಹಾಗೆ.

ಕುಬರ್ನೆಟೀಸ್‌ನವರು ತಮ್ಮ ಆರೋಗ್ಯ ತಪಾಸಣೆಯ ಸೆಟ್ಟಿಂಗ್‌ಗಳಲ್ಲಿ ಮೂರನೇ ದಾರಿ ಹಿಡಿದ್ರು. ಯೂನಿಟ್‌ನ ಸೆಟ್ಟಿಂಗ್‌ನ ಹೆಸರಿಗೇ ಅಂಟಿಸಿದ್ರು. ‘ಪೀರಿಯಡ್ ಸೆಕೆಂಡ್ಸ್’, ‘ಟೈಮ್‌ಔಟ್ ಸೆಕೆಂಡ್ಸ್’ ಅಂತ. ಇದರಲ್ಲಿ ಗೊಂದಲ ಇಲ್ಲ, ಆದ್ರೆ ದೊಡ್ಡ ಅವಧಿ ಬರೆಯೋವಾಗ ಮತ್ತೆ ಅದೇ ಸೊನ್ನೆ ಎಣಿಸೋ ಕೆಲಸ. ಸಣ್ಣ ಅವಧಿಗಳಿಗೆ ಚೆನ್ನಾಗಿದೆ.

ಅಕ್ಷರ ಬಂದ ಮೇಲೂ ಇರುವ ಗುಂಡಿಗಳು

ನಿರೂಪಕಿ: ಹಾಗಾದ್ರೆ ಒಂದು ಅಕ್ಷರ ಸೇರಿಸಿದ್ರೆ ಕಥೆ ಸುಖಾಂತ್ಯ?

ಅತಿಥಿ: ಇಲ್ಲ ಮೇಡಂ. ಅಕ್ಷರದಲ್ಲೂ ಗುಂಡಿಗಳಿವೆ. ಮೊದಲನೇ ಗುಂಡಿ ಎಂ. ಮಿನಿಟ್‌ಗೂ ಎಂ, ಮಂತ್‌ಗೂ ಎಂ. ಲಿನಕ್ಸ್‌ನ ಸಿಸ್ಟಮ್‌ಡಿಯಲ್ಲಿ ಚಿಕ್ಕಕ್ಷರದ ಎಂ ಅಂದ್ರೆ ನಿಮಿಷ, ದೊಡ್ಡಕ್ಷರದ ಎಂ ಅಂದ್ರೆ ತಿಂಗಳು. ಕ್ಯಾಪ್ಸ್ ಲಾಕ್ ಒತ್ತಿದ್ದು ಮರೆತ್ರೆ ಐದು ನಿಮಿಷ ಹೋಗಿ ಐದು ತಿಂಗಳು! ದಿನಾಂಕ ಮತ್ತು ಸಮಯ ಬರೆಯೋಕೆ ಐಎಸ್‌ಒ 8601 ಅನ್ನೋ ಅಂತರರಾಷ್ಟ್ರೀಯ ಪದ್ಧತಿ ಇದೆ. ಅದರಲ್ಲಿ ಐದು ನಿಮಿಷವನ್ನ ಪಿ ಟಿ 5 ಎಂ ಅಂತ ಬರೀತಾರೆ. ನಡುವಿನ ಟಿ ಬಿಟ್ಟುಹೋದ್ರೆ ಪಿ 5 ಎಂ, ಅದು ಐದು ತಿಂಗಳು. ಯಂತ್ರಕ್ಕೆ ಯಂತ್ರ ಕಳಿಸೋಕೆ ಅದು ಸರಿ, ಕೈಯಲ್ಲಿ ಬರೆಯೋರಿಗಲ್ಲ.

ಎರಡನೇ ಗುಂಡಿ, ತಿಂಗಳು ಅಂದ್ರೆ ಎಷ್ಟು ದಿನ? 28, 29, 30, 31 ಎಲ್ಲವೂ ಸರಿ ಉತ್ತರವೇ. ಸಿಸ್ಟಮ್‌ಡಿ 30.44 ದಿನ ಅಂತ ಸರಾಸರಿ ಹಿಡೀತು. ಪ್ರೊಮಿಥಿಯಸ್ ತಿಂಗಳನ್ನ ಸೇರಿಸಲೇ ಇಲ್ಲ. ವರ್ಷ ಇದೆ, ಅದು ಯಾವಾಗಲೂ 365 ದಿನ.

ನಿರೂಪಕಿ: ದಿನಕ್ಕಾದ್ರೂ ತಕರಾರಿಲ್ಲ ತಾನೆ? 24 ಗಂಟೆ.

ಅತಿಥಿ: ನಮ್ಮ ದೇಶದಲ್ಲಿ ಕೂತು ಹಾಗೆ ಅನ್ನಿಸುತ್ತೆ. ಅಮೆರಿಕ, ಯೂರೋಪ್‌ನಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡ್ತಾರಲ್ಲ, ಆವತ್ತು ದಿನ 23 ಗಂಟೆ ಇಲ್ಲಾ 25 ಗಂಟೆ. ಬೆಂಗಳೂರಿನಲ್ಲಿ ಕೂತು ಅಮೆರಿಕದವರ ಜೊತೆ ಕೆಲಸ ಮಾಡೋರಿಗೆ ಗೊತ್ತು, ಮಾರ್ಚ್ ಮತ್ತು ನವೆಂಬರ್‌ನಲ್ಲಿ ಮೀಟಿಂಗ್ ಒಂದು ಗಂಟೆ ಆಚೀಚೆ ಆಗುತ್ತೆ. ಗೋ ಭಾಷೆಯಲ್ಲಿ ಕಾಲಾವಧಿ ಓದೋ ಸೌಲಭ್ಯ ಗಂಟೆಗೇ ನಿಲ್ಲುತ್ತೆ, ದಿನಕ್ಕೆ ಅಕ್ಷರವೇ ಇಲ್ಲ. ಇದೇ ಗೊಂದಲ ಬೇಡ ಅಂತ. ಪ್ರೊಮಿಥಿಯಸ್ ‘ದಿನ ಅಂದ್ರೆ ಯಾವಾಗಲೂ 24 ಗಂಟೆ’ ಅಂತ ಮೊದಲೇ ಹೇಳಿಬಿಟ್ಟಿದೆ. ಎರಡೂ ಪ್ರಾಮಾಣಿಕ ಉತ್ತರವೇ.

ಇಲ್ಲಿ ಬಳಸೋರು ನೆನಪಿಡಬೇಕಾದ್ದು ಒಂದು: ‘24 ಗಂಟೆಗೊಮ್ಮೆ’ ಬೇರೆ, ‘ದಿನಾ ಬೆಳಿಗ್ಗೆ ಒಂಬತ್ತಕ್ಕೆ’ ಬೇರೆ. ಮೊದಲನೇದು ಅಂತರ, ಎರಡನೇದು ಗಡಿಯಾರದ ಹೊತ್ತು. ಬ್ಯಾಕಪ್ ಮುಗಿದಿದೆಯಾ ಅಂತ ಬೆಳಿಗ್ಗೆ ನೋಡಬೇಕಾದ್ರೆ ಎರಡನೇದು ಬೇಕು.

ನಿರೂಪಕಿ: ನಮ್ಮ ಮಾತಲ್ಲೂ ಈ ಗೊಂದಲ ಇದೆ ಅಲ್ವಾ? ‘ಒಂದು ಘಳಿಗೆ ಇರು’ ಅಂತೀವಿ.

ಅತಿಥಿ: ಚೆನ್ನಾಗಿ ಹೇಳಿದ್ರಿ. ಪಂಚಾಂಗದ ಲೆಕ್ಕದಲ್ಲಿ ಘಳಿಗೆ ಅಂದ್ರೆ 24 ನಿಮಿಷ, ದಿನಕ್ಕೆ 60. ಮಾತಲ್ಲಿ ಘಳಿಗೆ ಅಂದ್ರೆ ಸ್ವಲ್ಪ ಹೊತ್ತು. ‘ಎರಡು ನಿಮಿಷದಲ್ಲಿ ಬಂದೆ’ ಅಂದೋರು ಅರ್ಧ ಗಂಟೆ ಬಿಟ್ಟು ಬರ್ತಾರೆ, ನಾವು ಅಡ್ಜಸ್ಟ್ ಮಾಡ್ಕೋತೀವಿ. ಸಾಫ್ಟ್‌ವೇರ್‌ಗೆ ಆ ಅಡ್ಜಸ್ಟ್‌ಮೆಂಟ್ ಇಲ್ಲ. ಅದಕ್ಕೆ ಮನುಷ್ಯರಿಗೆ ಅರ್ಥ ಆಗೋ ಹಾಗೂ ಇರಬೇಕು, ಎರಡರ್ಥ ಬರದ ಹಾಗೂ ಇರಬೇಕು.

‘ನನಗೆ ಎಷ್ಟು ತಡವಾಗಿ ಗೊತ್ತಾಗುತ್ತೆ?’

ನಿರೂಪಕಿ: ಇಷ್ಟೆಲ್ಲ ಮಾಡಿದ ಮೇಲೆ ಬಳಸೋರಿಗೆ ಸಿಗೋ ಲಾಭ ಏನು?

ಅತಿಥಿ: ಒಂದು ಮುಖ್ಯ ಪ್ರಶ್ನೆಗೆ ಉತ್ತರ ಸಿಗುತ್ತೆ: ಸರ್ವರ್ ಬಿದ್ದ ಮೇಲೆ ನನಗೆ ಎಷ್ಟು ತಡವಾಗಿ ಗೊತ್ತಾಗುತ್ತೆ? ಲೆಕ್ಕ ಹಾಕೋಣ. ಐದು ನಿಮಿಷಕ್ಕೊಮ್ಮೆ ಸುತ್ತು. ಒಂದು ಸಲ ತಪ್ಪಿದ ಕೂಡಲೇ ಎಬ್ಬಿಸಲ್ಲ, ನೆಟ್‌ವರ್ಕ್ ಕ್ಷಣ ಹೊತ್ತು ತಡವರಿಸಿರಬಹುದು. ಹಾಗಾಗಿ ಒಟ್ಟು ಮೂರು ಸಲ ನೋಡು, ನಡುವೆ ಒಂದೊಂದು ನಿಮಿಷ ಬಿಡು ಅಂತ ಇಟ್ಟಿದ್ದೀವಿ. ಈಗಷ್ಟೇ ನೋಡಿ ಹೋದ ಮರುಕ್ಷಣ ಸರ್ವರ್ ಬಿತ್ತು ಅಂದ್ಕೊಳ್ಳಿ. ಮುಂದಿನ ಸುತ್ತಿಗೆ ಐದು ನಿಮಿಷ. ಆಮೇಲೆ ಇನ್ನೆರಡು ಪ್ರಯತ್ನಕ್ಕೆ ಎರಡು ನಿಮಿಷ. ಟೈಮ್‌ಔಟ್ ಬಿಟ್ಟು ಹೆಚ್ಚುಕಡಿಮೆ ಏಳು ನಿಮಿಷ. ‘ಏಳು ನಿಮಿಷ ನಡೆಯುತ್ತಾ?’ ಅಂತ ಗಿರಾಕಿ ಹತ್ರ ಮಾತಾಡಬಹುದು. ಪುಟದಲ್ಲಿ ಯೂನಿಟ್ ಕಾಣಿಸ್ತಿದ್ರೆ ಈ ಲೆಕ್ಕ ಯಾರು ಬೇಕಾದ್ರೂ ಬಾಯಲ್ಲೇ ಹಾಕ್ತಾರೆ. ಬರೀ ಅಂಕಿ ಇದ್ರೆ ಯಾರೂ ಹಾಕಲ್ಲ. ಸರ್ವರ್ ಬಿದ್ದ ಮೇಲೆ ಹಾಕ್ತಾರೆ.

ನಿರೂಪಕಿ: ಸಾಫ್ಟ್‌ವೇರ್ ಬರೆಯೋ ನಮ್ಮ ಕೇಳುಗರಿಗೆ ಏನು ಹೇಳ್ತೀರಿ?

ಅತಿಥಿ: ಐದು ಮಾತು. ಒಂದು, ಅಂಕಿ ಮತ್ತು ಯೂನಿಟ್ ಒಟ್ಟಿಗೆ ತಗೊಳ್ಳಿ. ‘1 ಎಚ್ 30 ಎಂ’ ಅಂತ ಜೋಡಿಸಿ ಬರೆದ್ರೂ ಅರ್ಥ ಮಾಡ್ಕೊಳ್ಳಿ.

ಎರಡು, ಅರ್ಥ ಆಗದ್ದು ಬಂದ್ರೆ ಊಹೆ ಮಾಡಬೇಡಿ. ಸುಮ್ನೆ ಡೀಫಾಲ್ಟ್‌ಗೆ ಜಾರಬೇಡಿ. ಯಾವ ಸಾಲು, ಯಾಕೆ ತಪ್ಪು, ಹೇಗೆ ಬರೀಬೇಕು ಅಂತ ಸ್ಪಷ್ಟವಾಗಿ ಹೇಳಿ ನಿಲ್ಲಿಸಿ.

ಮೂರು, ಅರ್ಥ ಮಾಡ್ಕೊಂಡಿದ್ದನ್ನ ತಿರುಗಿ ಹೇಳಿ. ‘5 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 288 ಬಾರಿ’ ಅಂತ ಪಕ್ಕದಲ್ಲಿ ತೋರಿಸಿ. ನನ್ನ ಆ 600ರ ಪಕ್ಕದಲ್ಲಿ ‘10 ಗಂಟೆಗೊಮ್ಮೆ’ ಅಂತ ಬಂದಿದ್ರೆ ಅವತ್ತು ನಾನು ಮನೆಗೆ ಹೋಗ್ತಿರಲಿಲ್ಲ. ಇದನ್ನ ಕನ್ನಡದಲ್ಲೇ ತೋರಿಸೋಕೂ ಏನೂ ಅಡ್ಡಿಯಿಲ್ಲ. ಎಸ್, ಎಂ, ಎಚ್ ಇಂಗ್ಲಿಷ್ ಅಕ್ಷರಗಳು, ಎಲ್ಲರಿಗೂ ರೂಢಿ ಇರಲ್ಲ. ‘ನಿಮಿಷ’, ‘ಗಂಟೆ’ ಅಂತ ಆಯ್ಕೆ ಪಟ್ಟಿ ಕೊಟ್ಟರೂ ಆಯ್ತು.

ನಾಲ್ಕು, ಮನುಷ್ಯ ಬರೆದದ್ದನ್ನ ಹಾಗೇ ಉಳಿಸಿ. ನಾನು 90 ಎಂ ಅಂತ ಬರೆದು ಸೇವ್ ಮಾಡಿ, ಮತ್ತೆ ತೆರೆದಾಗ 5400 ಅಂತ ತೋರಿಸಿದ್ರೆ ಮಾಡಿದ್ದೆಲ್ಲ ವ್ಯರ್ಥ. ಒಳಗೆ ಸೆಕೆಂಡೋ ಮಿಲಿಸೆಕೆಂಡೋ ಏನಾದ್ರೂ ಇಟ್ಕೊಳ್ಳಿ, ಎದುರಿಗೆ ನಾನು ಬರೆದದ್ದು ಇರಲಿ.

ಐದು, ಸೆಟ್ಟಿಂಗ್‌ಗಳನ್ನ ಒಂದಕ್ಕೊಂದು ಹೋಲಿಸಿ ನೋಡಿ. ಒಂದು ನಿಮಿಷಕ್ಕೊಮ್ಮೆ ನೋಡು, ಎರಡು ನಿಮಿಷ ಉತ್ತರಕ್ಕೆ ಕಾಯಿ ಅಂದ್ರೆ ಅರ್ಥ ಇದೆಯಾ? ಪ್ರೊಮಿಥಿಯಸ್‌ನಲ್ಲಿ ಸುತ್ತಿನ ಅಂತರಕ್ಕಿಂತ ಟೈಮ್‌ಔಟ್ ದೊಡ್ಡದಿದ್ರೆ ಒಪ್ಪಲ್ಲ. ಹಾಗೆ ಇರಬೇಕು.

ನಿರೂಪಕಿ: ಹಳೇ ಸಾಫ್ಟ್‌ವೇರ್‌ನಲ್ಲೇ ಏಗಬೇಕಾದೋರಿಗೆ? ಬದಲಾಯಿಸೋ ಅಧಿಕಾರ ಇರಲ್ಲ ಅವರಿಗೆ.

ಅತಿಥಿ: ಅಂಕಿಯ ಪಕ್ಕ ಕಾಮೆಂಟ್ ಬರೀರಿ, ‘ನಿಮಿಷ’ ಅಂತ ಒಂದು ಪದ ಸಾಕು. ಸೆಟ್ಟಿಂಗ್ ಬದಲಾಯಿಸಿದ ಮೇಲೆ ‘ಓಕೆ’ ಬಂತು ಅಂತ ಎದ್ದು ಹೋಗಬೇಡಿ. ಎರಡನೇ ಸುತ್ತು ಸರಿಯಾದ ಹೊತ್ತಿಗೆ ಬಂತಾ ಅಂತ ಕಾದು ನೋಡಿ. ನನ್ನ ವಿಷಯದಲ್ಲಿ ಹನ್ನೊಂದು ನಿಮಿಷ ಕಾದಿದ್ರೆ ಸಾಕಿತ್ತು. ಮತ್ತೆ, ಪರದೆಯಲ್ಲಿ ಬರೀ ಹಸಿರು ಬೇಡ, ‘ಕೊನೆಯ ಸಲ ನೋಡಿದ್ದು ಯಾವಾಗ’ ಅನ್ನೋದೂ ಕಾಣಲಿ. ಇಷ್ಟು ಹೊತ್ತು ಸುದ್ದಿಯೇ ಬಂದಿಲ್ಲ ಅಂದ್ರೆ ಅದಕ್ಕೂ ಒಂದು ಅಲಾರಂ ಇರಲಿ.

ನಿರೂಪಕಿ: ಕೊನೆಯ ಪ್ರಶ್ನೆ. ಯೂನಿಟ್ ಇದ್ರೂ 5 ನಿಮಿಷದ ಜಾಗದಲ್ಲಿ 5 ಗಂಟೆ ಅಂತ ಬರೆಯೋರು ಇರ್ತಾರಲ್ಲ?

ಅತಿಥಿ: ಇರ್ತಾರೆ. ತಪ್ಪು ಪೂರ್ತಿ ನಿಲ್ಲಲ್ಲ. ಆದ್ರೆ ತಪ್ಪು ಕಣ್ಣಿಗೆ ಕಾಣುತ್ತೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಹತ್ತಿರ ಹೋಗಿ ನಾಶವಾಯ್ತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನ ಇನ್ನೊಂದು ಕಡೆ ನ್ಯೂಟನ್ ಅಂದ್ಕೊಂಡು ತಗೊಂಡಿದ್ರು. ಲೆಕ್ಕ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅಂಕಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗೋವಾಗ ಯೂನಿಟ್ ಜೊತೆಯಲ್ಲಿ ಹೋಗಲಿಲ್ಲ. ನಮ್ಮ ಡಿಸ್ಕ್ ತುಂಬಿದ್ದಕ್ಕೂ ಅದಕ್ಕೂ ಅಜಗಜಾಂತರ, ಆದ್ರೆ ತಪ್ಪಿನ ಜಾತಿ ಒಂದೇ.

ಆ ಹಿರಿಯರು ಹೇಳಿದ ಹಾಗೆ ಆ ಸಾಲನ್ನ ನಾನು ಸರಿ ಮಾಡ್ದೆ. ಬರೀ ಅಂಕಿ ಬರೆದ್ರೆ ಸ್ಕ್ರಿಪ್ಟ್ ಓಡೋದೇ ಇಲ್ಲ, ‘ನಿಮಿಷವೋ ಸೆಕೆಂಡೋ ತಿಳಿಸಿ’ ಅಂತ ನಿಲ್ಲೋ ಹಾಗೆ ಮಾಡ್ದೆ. ಬರೆಯೋಕೆ ಒಂದು ಮಧ್ಯಾಹ್ನ ಹಿಡೀತು. ನಾನು ಆ ಕಂಪನಿ ಬಿಟ್ಟು ವರ್ಷಗಳಾದ ಮೇಲೆ, ನನ್ನ ಜಾಗಕ್ಕೆ ಬಂದಿದ್ದ ಹುಡುಗ ಒಮ್ಮೆ ಸಿಕ್ಕಿದ್ದ. ‘ಆ ಸ್ಕ್ರಿಪ್ಟ್ ಬಹಳ ಕಿರಿಕಿರಿ ಸರ್, ಪ್ರತಿ ಸಲ ಯೂನಿಟ್ ಕೇಳುತ್ತೆ’ ಅಂದ. ನನಗೆ ಖುಷಿ ಆಯ್ತು.

ನಿರೂಪಕಿ: ಇನ್ನು ಮುಂದೆ ‘ಐದು ನಿಮಿಷ ಬಂದೆ’ ಅನ್ನೋರನ್ನೂ ‘ಯಾವ ಐದು ನಿಮಿಷ?’ ಅಂತ ಕೇಳಬೇಕೇನೋ!



ಕೇಳುಗರೇ, ನಿಮ್ಮ ಕೆಲಸದ ಜಾಗದಲ್ಲೂ ಯೂನಿಟ್ ಇಲ್ಲದ ಅಂಕಿಯಿಂದ ಪಜೀತಿ ಆಗಿದ್ರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.